ಕಟ್ಟೆಮನೆಯ ಮಾತು



ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ನೀವು ನೋಡಿದ್ದೀರಿ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ. ಬರಗಾಲದಲ್ಲೂ ಕಿಲಾರಿ ಮೇವು ಹುಡುಕಿ ಅವುಗಳ ಹಿಂದೆ ಅಲೆಯುತ್ತಾನೆ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಇದು ಯಾವ ಕಾಗದದಲ್ಲೂ ಇಲ್ಲ. ಅಳತೆ ಪುಸ್ತಕದಲ್ಲಿ ಬರೆಯದ ಕೆಲಸಕ್ಕೆ ಬಿಲ್ಲೇ ಇಲ್ಲ ಎನ್ನುವ ಇಲಾಖೆಯಿಂದ ಬಂದವನು ನಾನು. ಬರೆದ ನಿಯಮ ಎಷ್ಟು ಸಲೀಸಾಗಿ ಮುರಿಯುತ್ತದೆಂದೂ ಬಲ್ಲೆ. ಕುಲದ ಹಿರಿಯರು ಸೇರುವ ಕಟ್ಟೆಮನೆಯ ಮಾತು ನಿಂತಿದೆ. ಏಕೆಂದರೆ ಮೀರಿದವನು ಮದುವೆಗೂ ಸಾವಿಗೂ ಅದೇ ಜನರ ಮುಂದೆ ನಿಲ್ಲಬೇಕು. ಹಡಗಲಿ, ಹರಪನಹಳ್ಳಿ ಕಡೆಯ ತಾಂಡಾಗಳಲ್ಲಿ ನಾಯಕ, ಕಾರಭಾರಿಗಳ ತೀರ್ಮಾನದ್ದೂ ಇದೇ ದಾರಿ.

ಬರೀ ರೂಢಿ ಎಂದು ತಳ್ಳಿಹಾಕುವಂತಿಲ್ಲ. ಕಾನೂನಿನ ಬಲವುಳ್ಳ ರೂಢಿಯನ್ನು ಸಂವಿಧಾನದ 13ನೇ ವಿಧಿ ಕಾನೂನೆಂದೇ ಎಣಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸದು. ಹಾಗಾಗಿ ಅಲ್ಲಿ ಮಗಳ ಪಾಲಿನ ಪ್ರಶ್ನೆಗೆ ಹಿರಿಯರ ಬಾಯಿಮಾತೇ ಸಾಕ್ಷಿಯಾಗುತ್ತದೆ. 2025ರ ಜುಲೈನಲ್ಲಿ ಛತ್ತೀಸಗಡದ ಗೊಂಡ ಕುಟುಂಬವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಹೆಣ್ಣನ್ನು ಹೊರಗಿಡುವ ರೂಢಿ ಸಾಬೀತಾಗದಿದ್ದರೆ ಅವಳಿಗೂ ಸಮಪಾಲು ಎಂದಿತು.

ಎತ್ತನ್ನು ಕಾಯ್ದ ಬಾಯಿಮಾತೇ ಮುಟ್ಟಾದವಳನ್ನು, ಬಾಣಂತಿಯನ್ನು ಹಟ್ಟಿಯ ಹೊರಗೆ ಕೂರಿಸಿದೆ. ಪಂಚಸೂತಕ ಅಲ್ಲಗಳೆದ ಶರಣರ ಮಕ್ಕಳು ಇದನ್ನು ಒಪ್ಪಲಾರೆವು. (ನಮ್ಮ ಮನೆಗಳಲ್ಲೇ ಸೂತಕ ಹೋಗಿದೆಯೇ, ಅದು ಬೇರೆ ಮಾತು.) ಆದರೆ ಹೊರಗಿನವರು ಬೋರ್ಡು ನೆಟ್ಟು, ಸುತ್ತೋಲೆ ಓದಿ ಬಂದರೆ ಅದು ಬದಲಾಗದು. ಕಟ್ಟೆಮನೆಯಲ್ಲೇ, ಅಲ್ಲಿನ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಹಿರಿಯರು ಹೊಸ ಮಾತು ಆಡಬೇಕು. ಶ್ರಾವಣದ ಪ್ರವಚನದ ಒಂದು ಸಂಜೆಯನ್ನು ಹಟ್ಟಿಯಲ್ಲಿ ಇಡಬೇಕೆಂದು ಪೂಜ್ಯರಲ್ಲಿ ಬಿನ್ನವಿಸುತ್ತೇನೆ, ಆ ಹಿರಿಯರು ಕರೆದರೆ.