ಬಾಯ್ಲರ್ ಕೆಟ್ಟರೆ ಮೆಷಿನ್ನೇ ಬದಲಾಯಿಸಬೇಕಾ?

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಂಘದವರು ಮದುವೆ, ಗೃಹಪ್ರವೇಶಗಳಿಗೆ ಎಸ್ಪ್ರೆಸೊ ಕಾಫಿ ಮಾಡಿಕೊಡುವುದು ನಿಮಗೆಲ್ಲ ಗೊತ್ತೇ ಇದೆ. ಇಟಲಿಯಲ್ಲಿ ಎಸ್ಪ್ರೆಸೊ ಅಂದರೆ ಕಾಫಿಪುಡಿಯೊಳಗೆ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸಿದ ಡಿಕಾಕ್ಷನ್. ಅಲ್ಲಿನ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬವರು 1884ರಲ್ಲೇ ಆವಿಯ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ಮದುವೆ ಮನೆಯ ಎಸ್ಪ್ರೆಸೊ ಬೇರೆ. ಬಾಯ್ಲರಿನ ಆವಿಯನ್ನು ಹಾಲಿಗೆ ಬಿಟ್ಟು ನೊರೆ ಬರಿಸುತ್ತೇವೆ, ಅಷ್ಟೇ. ಆದರೆ ಎರಡಕ್ಕೂ ಬಾಯ್ಲರೇ ಜೀವ.

ಕಳೆದ ಮದುವೆ ಸೀಸನ್ನಿನಲ್ಲಿ ನಮ್ಮ ಬಾಯ್ಲರ್ ಸೋರತೊಡಗಿತು. ಆವಿ ಪೈಪ್ ಕೂಡುವ ಜಾಗದಲ್ಲಿ ಬಿರುಕು. "ಇದು ಹೋಯ್ತು, ಹೊಸದು ತಗೊಳ್ಳಿ" ಅಂದರು ಅಂಗಡಿಯವರು. ಹಳೇ ಸಾಲದ ಕಂತು ಆಗಷ್ಟೇ ತೀರಿತ್ತು. ಮತ್ತೆ ಸಾಲ ಮಾಡೋಣ ಅಂತ ಅರ್ಧ ಜನ, ಬೇಡವೇ ಬೇಡ ಅಂತ ಅರ್ಧ ಜನ. ಒಬ್ಬ ಅಕ್ಕ ಹೇಳಿದರು: "ತಾಮ್ರದ ಹಂಡೆ ತೂತಾದರೆ ಎಸೀತೀವಾ? ಮೊದಲು ಬಿಚ್ಚಿ ನೋಡಿ."

ತಾಮ್ರ, ಹಿತ್ತಾಳೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿ ಬಿಚ್ಚಿದರು. ಒಳಗೆ ಕಲ್ಲಿನ ಹಾಗೆ ಸುಣ್ಣ ಕಟ್ಟಿತ್ತು. ಬೋರ್‌ವೆಲ್ ಗಡಸು ನೀರು ಕಾದಾಗ ಸುಣ್ಣ ತಳದಲ್ಲಿ ಕೂರುತ್ತದೆ. ಅದು ಶಾಖವನ್ನು ನೀರಿಗೆ ಬಿಡುವುದಿಲ್ಲ. ಗ್ಯಾಸ್ ಹೆಚ್ಚು ಖರ್ಚು, ತಳದ ಲೋಹ ಮಿತಿಮೀರಿ ಕಾಯುತ್ತದೆ, ಬೆಸುಗೆ ಸಡಿಲವಾಗುತ್ತದೆ.

ಇನ್ನೊಂದು ಮಾತು ಹೇಳಲು ನಾಚಿಕೆ, ಆದರೂ ಹೇಳಲೇಬೇಕು. ಸೇಫ್ಟಿ ವಾಲ್ವ್ ಶಿಳ್ಳೆ ಹೊಡೆಯುತ್ತದೆ ಅಂತ ಒಂದು ಮದುವೆಯಲ್ಲಿ ನಾವು ಅದರ ಮೇಲೆ ತೂಕ ಇಟ್ಟಿದ್ದೆವು. ಮೇಸ್ತ್ರಿ ಕೇಳಿ ಬೆಚ್ಚಿಬಿದ್ದರು. ಗೇಜು 1 ಬಾರ್ ತೋರಿಸುವಾಗ ಒಳಗಿನ ನೀರು ಸುಮಾರು 120 ಡಿಗ್ರಿ. ಬಾಯ್ಲರ್ ಒಡೆದರೆ ಆ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಪಕ್ಕದಲ್ಲಿ ಲೋಟ ಹಿಡಿದು ಮಕ್ಕಳು ನಿಂತಿದ್ದರು. ಸೋರಿದ್ದೇ ನಮ್ಮ ಪುಣ್ಯ.

ರಿಪೇರಿ ಹೀಗೆ ನಡೆಯಿತು. ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಸುಣ್ಣ ಬಿಡಿಸಿ, ಹಲವು ಸಲ ತೊಳೆದರು. ಬಿರುಕಿಗೆ ಬೆಳ್ಳಿ ಬೆರೆತ ಕಡ್ಡಿಯಿಂದ ಬ್ರೇಜಿಂಗ್ ಮಾಡಿದರು. ಸೀಸದ ಬೆಸುಗೆ ಬೇಡವೇ ಬೇಡ: ಅದು ಶಾಖಕ್ಕೆ ಮೆತ್ತಗಾಗುತ್ತದೆ, ಸೀಸ ಹೊಟ್ಟೆಗೆ ವಿಷ. ಅಂಟು ಮೆತ್ತುವುದೂ ಬೇಡ. ವಾಷರ್ ಮತ್ತು ಸೇಫ್ಟಿ ವಾಲ್ವ್ ಹೊಸದೇ ಹಾಕಿಸಿದೆವು. ಕೊನೆಗೆ ತಣ್ಣೀರು ತುಂಬಿ, ಪಂಪಿನಿಂದ ನಾವು ಬಳಸುವ ಒತ್ತಡದ ಒಂದೂವರೆ ಪಟ್ಟು ಕೊಟ್ಟು ಪರೀಕ್ಷೆ ಮಾಡಿದರು. ಗಾಳಿ ತುಂಬಿ ಪರೀಕ್ಷಿಸಿದರೆ ಒಡೆದಾಗ ಸಿಡಿಯುತ್ತದೆ. ತಣ್ಣೀರಾದರೆ ಬರೇ ಸೋರುತ್ತದೆ. ಒಟ್ಟು ಖರ್ಚು ಹೊಸದರ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಹಾಗಂತ ಎಲ್ಲವನ್ನೂ ರಿಪೇರಿ ಮಾಡಿಸಬೇಡಿ. ತಗಡು ತೆಳುವಾಗಿದ್ದರೆ, ಹೊಟ್ಟೆ ಉಬ್ಬಿದ್ದರೆ, ಹಲವು ಕಡೆ ಬಿರುಕಿದ್ದರೆ ಅದರ ಆಯುಷ್ಯ ಮುಗಿದಂತೆ. ಆಗ ಸಾಲ ಮಾಡಿಯಾದರೂ ಹೊಸದೇ ತರಬೇಕು. ಹಣ ಉಳಿಸಲು ಹೋಗಿ ಜೀವ ಕಳೆದುಕೊಳ್ಳಬಾರದು.

ಈಗ ನಮ್ಮ ನಿರ್ಣಯ ಪುಸ್ತಕದಲ್ಲಿ ನಾಲ್ಕು ಮಾತು ಬರೆದುಕೊಂಡಿದ್ದೇವೆ:

1. ಗಡಸು ನೀರು ಹಾಕಬಾರದು. ಸೋಸಿದ ಮಳೆನೀರು ಅಥವಾ ಮೆದು ನೀರೇ ಆಗಬೇಕು.
2. ನೀರಿನ ಮಟ್ಟ ನೋಡದೆ ಒಲೆ ಹಚ್ಚಬಾರದು.
3. ಕೆಲಸ ಮುಗಿದು ತಣ್ಣಗಾದ ಮೇಲೆ ನೀರು ಪೂರ್ತಿ ಬಸಿಯಬೇಕು.
4. ಸೇಫ್ಟಿ ವಾಲ್ವ್ ಯಾರೂ ಮುಟ್ಟಬಾರದು, ಕಟ್ಟಬಾರದು.

ಪ್ರತಿ ಆರ್ಡರಿನ ಲಾಭದಲ್ಲಿ ಸ್ವಲ್ಪ ರಿಪೇರಿಗೆಂದೇ ತೆಗೆದಿಡುತ್ತಿದ್ದೇವೆ. ನಿಮ್ಮ ಸಂಘದಲ್ಲಿ ಹಿಟ್ಟಿನ ಗಿರಣಿಯೋ, ಹೊಲಿಗೆ ಮೆಷಿನ್ನೋ ಇರಬಹುದು. ಕೆಟ್ಟ ದಿನ ಸಾಲದ ಅರ್ಜಿ ಬರೆಯುವ ಮೊದಲು, ಬಲ್ಲವರಿಂದ ಒಮ್ಮೆ ಬಿಚ್ಚಿಸಿ ನೋಡಿ. ಯಾಕೆ ಕೆಟ್ಟಿತು ಅಂತ ಕೇಳಿ. ನಮಗೆ ಆ ಉತ್ತರವೇ ಹೆಚ್ಚು ಉಪಯೋಗಕ್ಕೆ ಬಂತು.