ಕಾದಂಬರಿಯನ್ನು ಓದುವ ಬಗೆ
(‘ಚೋಮನ ದುಡಿ’ಯನ್ನು ಮುಂದಿಟ್ಟುಕೊಂಡು ಮಕ್ಕಳ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳು ಕನ್ನಡದ ಒಂದು ಶ್ರೇಷ್ಠ ಕಾದಂಬರಿಯನ್ನು ಹೇಗೆ ಓದಬೇಕೆಂಬುದನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡುವೆವು. ಪರೀಕ್ಷೆ ಸಮೀಪಿಸಿದಾಗ ನಡೆಯುವ ಓದು ಎಲ್ಲರಿಗೂ ತಿಳಿದದ್ದೇ. ಕಠಿಣ ಪದಗಳದೊಂದು ಪಟ್ಟಿ, ಪಾತ್ರಗಳ ಗುಣಗಳದೊಂದು ಪಟ್ಟಿ, ಅಲಂಕಾರಗಳ ಹೆಸರುಗಳದೊಂದು ಪಟ್ಟಿ; ಮೂರನ್ನೂ ಬಾಯಿಪಾಠ ಮಾಡಿ ಬರೆದು ಬಂದರೆ ಮುಗಿಯಿತು. ಅಂಕಗಳು ಕೈಸೇರುತ್ತವೆ, ಪುಸ್ತಕ ಮಾತ್ರ ಕೈತಪ್ಪುತ್ತದೆ. ಹಿಂದೂಪುರ, ಕಲ್ಯಾಣದುರ್ಗಗಳ ಮಕ್ಕಳಿಗೆ ಈ ನಷ್ಟ ಇಮ್ಮಡಿಯಾದುದು. ಬೀದಿಯಲ್ಲಿ, ಸಂತೆಯಲ್ಲಿ, ಕಛೇರಿಯಲ್ಲಿ ಅವರ ಕಿವಿಗೆ ಬೀಳುವುದು ತೆಲುಗು. ಕನ್ನಡದ ದೊಡ್ಡ ಗ್ರಂಥಗಳೊಡನೆ ಅವರಿಗೆ ನಂಟು ಕೂಡುವುದು ಬಹುಮಟ್ಟಿಗೆ ಶಾಲೆಯಲ್ಲಿಯೇ. ಅಲ್ಲಿ ಕೂಡದ ನಂಟು ಮುಂದೆ ಕೂಡುವುದು ಕಷ್ಟ.

ಉದಾಹರಣೆಗಾಗಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಆರಿಸಿಕೊಂಡಿರುವೆವು. ಅದು 1933ರಲ್ಲಿ ಪ್ರಕಟವಾಯಿತು. ಗಾತ್ರದಲ್ಲಿ ಚಿಕ್ಕದು, ಹೈಸ್ಕೂಲಿನ ವಿದ್ಯಾರ್ಥಿಯು ಕೆಲವೇ ದಿನಗಳಲ್ಲಿ ಓದಿ ಮುಗಿಸಬಲ್ಲನು. ಕಥೆ ನಡೆಯುವುದು ಮಳೆ ಧಾರಾಳವಾಗಿ ಸುರಿಯುವ ತುಳುನಾಡಿನಲ್ಲಿ. ನಮ್ಮದಾದರೋ ದೇಶದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಆದರೂ ಆ ನಾಡು ನಮಗೆ ತೀರ ಹೊರಗಿನದಲ್ಲ. ಆ ಪುಸ್ತಕ ಹೊರಬಂದಾಗ ದಕ್ಷಿಣ ಕನ್ನಡ ಜಿಲ್ಲೆಯೂ ಅನಂತಪುರ ಜಿಲ್ಲೆಯೂ ಒಂದೇ ಮದರಾಸು ಸರಕಾರದ ಆಳ್ವಿಕೆಯಲ್ಲಿದ್ದವು. ಅನಂತಪುರವು 1953ರಲ್ಲಿ ಆಂಧ್ರಕ್ಕೂ ದಕ್ಷಿಣ ಕನ್ನಡವು 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದವು. ಅದಕ್ಕಿಂತ ಮಿಗಿಲಾಗಿ, ಉಳಲು ಒಂದು ತುಂಡು ನೆಲ ಬೇಕೆಂಬ ಹಂಬಲವು ಯಾವ ಸೀಮೆಯವರಿಗೂ ಅಪರಿಚಿತವಲ್ಲ.

ಕಥೆ ಸರಳವಾದುದು. ಚೋಮನು ಸಮಾಜವು ಅಸ್ಪೃಶ್ಯನೆಂದು ದೂರವಿಟ್ಟ ಜಾತಿಯ ಜೀತದಾಳು. ಕಾಡಿನಲ್ಲಿ ದೊರೆತ ಎರಡು ಕರುಗಳನ್ನು ಸಾಕಿ ಎತ್ತುಗಳನ್ನಾಗಿ ಮಾಡಿದ್ದಾನೆ. ತಾನೂ ಬೇಸಾಯ ಹೂಡಬೇಕೆಂಬುದು ಅವನ ಬಾಳಿನ ಒಂದೇ ಆಸೆ. ಅವನ ಜಾತಿಯವನಿಗೆ ಭೂಮಿ ಕೊಡುವ ರೂಢಿಯಿಲ್ಲ. ಮಗಳು ಬೆಳ್ಳಿ, ಚನಿಯ, ಗುರುವ, ಕಾಳ, ನೀಲ ಎಂಬ ನಾಲ್ವರು ಗಂಡುಮಕ್ಕಳು. ಸಾಲ, ಜ್ವರ, ಕಾಫಿ ತೋಟದ ದುಡಿತ ಇವು ಆ ಸಂಸಾರವನ್ನು ಒಂದೊಂದಾಗಿ ಮುರಿಯುತ್ತವೆ. ಕೊನೆಗೆ ಅವನ ಪಾಲಿಗೆ ಉಳಿಯುವುದು ದುಡಿಯೊಂದೇ.

ಮೊದಲು ಪದಗಳ ವಿಚಾರ. ‘ದುಡಿ’ ಎಂದರೇನೆಂದು ಕೇಳಿದರೆ ‘ಒಂದು ಬಗೆಯ ಚರ್ಮವಾದ್ಯ’ ಎಂದು ವಿದ್ಯಾರ್ಥಿಯು ಬರೆಯುವನು. ಉತ್ತರ ಸರಿಯೇ, ಕೊಡಗಿನ ಪುತ್ತರಿ ಹಬ್ಬದಲ್ಲಿಯೂ ದುಡಿ ಬಾರಿಸುವರು. ಆದರೆ ಕನ್ನಡದಲ್ಲಿ ‘ದುಡಿ’ ಎಂಬುದು ಕ್ರಿಯಾಪದವೂ ಹೌದಲ್ಲವೆ? ಹಗಲೆಲ್ಲ ಒಡೆಯನ ಹೊಲದಲ್ಲಿ ದುಡಿಯುವವನು ರಾತ್ರಿ ತನ್ನ ಗುಡಿಸಲಿನಲ್ಲಿ ದುಡಿ ಬಾರಿಸುವನು. ಒಂದು ದುಡಿ ಪರರಿಗೆ, ಇನ್ನೊಂದು ತನಗೆ. ಈ ಎರಡರ್ಥಗಳನ್ನು ಜೊತೆಗೂಡಿಸಿ ನೋಡಿದ ಮಗುವಿಗೆ ಪುಸ್ತಕದ ಹೆಸರೇ ಅರ್ಧ ಕಥೆಯನ್ನು ಹೇಳುತ್ತದೆ.

ಇನ್ನೊಂದು ಪದ ‘ಭೂತ’. ನಮ್ಮ ಕಡೆ ಭೂತವೆಂದರೆ ದೆವ್ವ, ಹೆದರಿಸುವಂಥದು. ತುಳುನಾಡಿನಲ್ಲಾದರೋ ಭೂತವೆಂದರೆ ನಂಬಿ ನಡೆದವರನ್ನು ಕಾಯುವ ದೈವ. ಪಂಜುರ್ಲಿಯು ಅಂಥದೊಂದು ದೈವ. ಮತಾಂತರ ಹೊಂದಿದರೆ ನೆಲ ದೊರೆಯಬಹುದೆಂದು ಹೊರಟ ಚೋಮನನ್ನು ಹಿಂದಕ್ಕೆ ಸೆಳೆಯುವುದು ಈ ಪಂಜುರ್ಲಿಯ ಮೇಲಿನ ನಂಬಿಕೆ. ನಮ್ಮೂರ ಅರ್ಥವನ್ನೇ ಹಿಡಿದು ಓದಿದವನು, ಚೋಮನು ದೆವ್ವಕ್ಕೆ ಅಂಜಿ ಹಿಂದಿರುಗಿದನೆಂದು ತಿಳಿಯುವನು. ತಾನು ಬಯಸಿದ್ದಕ್ಕೂ ತಾನು ನಂಬಿದ್ದಕ್ಕೂ ನಡುವೆ ಸಿಲುಕಿದ ಮನುಷ್ಯನು ಅವನಿಗೆ ಕಾಣುವುದೇ ಇಲ್ಲ. ಒಂದು ಪದ ತಪ್ಪಿದರೆ ಒಬ್ಬ ಮನುಷ್ಯನನ್ನೇ ತಪ್ಪಾಗಿ ತಿಳಿದಂತಾಗುತ್ತದೆ. ಆದಕಾರಣ ಪದದ ಅರ್ಥವನ್ನು ಕೇಳುವಾಗ, ಈ ಮಾತನ್ನು ಆಡಿದವರು ಯಾರು, ಯಾವ ಊರಿನವರು, ಯಾವ ಸಂದರ್ಭದಲ್ಲಿ ಆಡಿದರು ಎಂಬುದನ್ನೂ ಕೇಳಬೇಕು.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವುಂಟು. ಎರಡು ಭಾಷೆಗಳ ನಡುವೆ ಬೆಳೆದವರಿಗೆ ಪದಗಳನ್ನು ತೂಗಿ ನೋಡುವ ಅಭ್ಯಾಸ ತಾನಾಗಿ ಬಂದಿರುತ್ತದೆ. ನಮ್ಮ ‘ಎತ್ತು’ ತೆಲುಗಿನಲ್ಲಿ ‘ಎದ್ದು’. ‘ನೇಗಿಲು’ ಅಲ್ಲಿ ‘ನಾಗಲಿ’. ಕನ್ನಡದಲ್ಲಿ ‘ಅಪ್ಪು’ ಎಂದರೆ ತಬ್ಬಿಕೊಳ್ಳು. ತೆಲುಗಿನಲ್ಲಿ ‘ಅಪ್ಪು’ ಎಂದರೆ ಸಾಲ. ಚೋಮನನ್ನು ಅಪ್ಪಿಕೊಂಡು ಬಿಡದೆ ಹೋದದ್ದು ಆ ಸಾಲವೇ ಎಂದು ಹೇಳಿದರೆ ಈ ಊರಿನ ಮಗು ನಕ್ಕು, ಒಡನೆಯೇ ನಗು ನಿಲ್ಲಿಸೀತು. ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸಿದರು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಗ್ರಂಥಗಳನ್ನು ರಚಿಸಿದರು. ಎರಡು ಭಾಷೆಗಳು ಒಂದನ್ನೊಂದು ಕೆಡಿಸುತ್ತವೆಂದು ಅಂಜುವ ಪೋಷಕರು ಅವರನ್ನು ನೆನೆಯಲಿ.

ಎರಡನೆಯದು ಪಾತ್ರಗಳ ವಿಚಾರ. ‘ಚೋಮ ಒಳ್ಳೆಯವನು, ಒಡೆಯ ಕೆಟ್ಟವನು’ ಎಂದು ಬರೆದರೆ ಪಾತ್ರ ಪರಿಚಯವಾಗದು. ಪ್ರತಿಯೊಂದು ಪಾತ್ರವನ್ನೂ ಎರಡು ಪ್ರಶ್ನೆ ಕೇಳಬೇಕು: ಇವನಿಗೆ ಬೇಕಾದುದೇನು? ಅದಕ್ಕೆ ಅಡ್ಡವಾದುದೇನು? ಒಡೆಯ ಸಂಕಪ್ಪಯ್ಯನನ್ನು ಹೀಗೆ ಕೇಳಿ ನೋಡಿರಿ. ಅವನ ಮನಸ್ಸು ಕಲ್ಲಲ್ಲ. ಚೋಮನ ಮೇಲೆ ಕನಿಕರವೂ ಉಂಟು. ಆದರೆ ತಾಯಿಯ ಮಾತು, ಹಿಂದಿನಿಂದ ಬಂದ ಕಟ್ಟಳೆ ಇವನ್ನು ಮೀರುವ ಧೈರ್ಯ ಅವನಿಗಿಲ್ಲ. ಕ್ರೂರಿಗಳಿಂದ ಮಾತ್ರವೇ ಅನ್ಯಾಯ ನಡೆಯುವುದಿಲ್ಲ, ಒಳ್ಳೆಯವರ ಅಂಜಿಕೆಯಿಂದಲೂ ನಡೆಯುತ್ತದೆ ಎಂಬುದನ್ನು ಈ ಪಾತ್ರದಿಂದ ಕಲಿಯಬೇಕು. ಬೆಳ್ಳಿಯನ್ನು ಕೇಳಿರಿ. ಅವಳ ಆಸೆ ಏನೆಂದು ಆ ಮನೆಯಲ್ಲಿ ವಿಚಾರಿಸುವವರೇ ಇಲ್ಲ. ತಂದೆಯ ಸಾಲ ತೀರಿಸಲು ತೋಟಕ್ಕೆ ಹೋಗುವವಳು ಅವಳು. ಅಲ್ಲಿಯ ದಬ್ಬಾಳಿಕೆಗೆ ತುತ್ತಾಗುವವಳೂ ಅವಳೇ. ಅನ್ಯಾಯವನ್ನು ಉಂಡ ಚೋಮನು ಆ ಮಗಳಿಗೆ ನ್ಯಾಯ ತೋರಿದನೆ? ಇದಕ್ಕೆ ಗೈಡುಗಳಲ್ಲಿ ಉತ್ತರ ಹುಡುಕಬೇಡಿರಿ. ಪುಸ್ತಕವನ್ನು ಓದಿ ನೀವೇ ಹೇಳಿರಿ.

ಮೂರನೆಯದು ಕವಿಸಮಯ, ಅಲಂಕಾರ, ಸಂಕೇತ ಮೊದಲಾದವು. ಇವುಗಳ ಹೆಸರನ್ನು ತಿಳಿದರೆ ಸಾಲದು, ಇವು ಮಾಡುವ ಕೆಲಸವನ್ನು ಕಾಣಬೇಕು. ಚೋಮನು ಮಾತುಗಾರನಲ್ಲ. ಸಂತೋಷವಾದರೆ ದುಡಿ ಬಾರಿಸುವನು. ದುಃಖವಾದರೂ ಸಿಟ್ಟು ಬಂದರೂ ದುಡಿಯೇ. ಆಡಲು ಹಕ್ಕಿಲ್ಲದವನ ಬಾಯಾಗಿ ಆ ವಾದ್ಯವು ಕಥೆಯುದ್ದಕ್ಕೂ ಮತ್ತೆ ಮತ್ತೆ ಕೇಳಿಸುತ್ತದೆ. ಇದೇ ಪುನರಾವೃತ್ತಿಯ ಕೆಲಸ. ಎತ್ತುಗಳಿವೆ, ಉಳಲು ನೆಲವಿಲ್ಲ, ಇದು ವಿಪರ್ಯಾಸ. ನೀರಿನಲ್ಲಿ ಮುಳುಗುತ್ತಿರುವ ಬಾಲಕ ನೀಲನನ್ನು ಮುಟ್ಟಬಾರದೆಂದು ದಡದಲ್ಲಿದ್ದವರು ಹಿಂಜರಿಯುವ ಸನ್ನಿವೇಶದಲ್ಲಿ ಒಂದೇ ಒಂದು ಉಪಮೆಯೂ ಬೇಕಾಗಿಲ್ಲ. ನಡೆದುದನ್ನು ಇದ್ದಂತೆ ಹೇಳಿದರೆ ಸಾಕು. ಎಲ್ಲಿ ಅಲಂಕಾರ ಬೇಕು, ಎಲ್ಲಿ ಬೇಡ ಎಂಬುದನ್ನರಿಯುವುದೂ ಅಲಂಕಾರಶಾಸ್ತ್ರದ ಪಾಠವೇ.

ಇಂಥ ಕಥೆಯನ್ನು ಹೇಳಿದವರು ಕಾರಂತರೊಬ್ಬರೇ ಅಲ್ಲ. ತೆಲುಗಿನಲ್ಲಿ ಉನ್ನವ ಲಕ್ಷ್ಮೀನಾರಾಯಣ ಅವರ ‘ಮಾಲಪಲ್ಲಿ’ 1922ರಲ್ಲಿಯೇ ಹೊರಬಂದಿತ್ತು. ಮುಲ್ಕ್ ರಾಜ್ ಆನಂದರ ಇಂಗ್ಲಿಷ್ ಕಾದಂಬರಿ ‘ಅನ್‌ಟಚಬಲ್’ 1935ರಲ್ಲಿಯೂ, ಪ್ರೇಮಚಂದರ ಹಿಂದಿ ಕಾದಂಬರಿ ‘ಗೋದಾನ’ 1936ರಲ್ಲಿಯೂ ಬಂದವು. ಅಲ್ಲಿಯ ಹೋರಿಗೆ ಒಂದು ಹಸು ಬೇಕು, ಇಲ್ಲಿಯ ಚೋಮನಿಗೆ ತುಂಡು ನೆಲ ಬೇಕು. ‘ಮಾಲಪಲ್ಲಿ’ಯನ್ನು ತೆಲುಗಿನಲ್ಲಿಯೂ ‘ಚೋಮನ ದುಡಿ’ಯನ್ನು ಕನ್ನಡದಲ್ಲಿಯೂ ಮೂಲದಲ್ಲಿಯೇ ಓದಬಲ್ಲ ಮಕ್ಕಳು ದೇಶದಲ್ಲಿ ಎಷ್ಟು ಮಂದಿ? ನಮ್ಮ ಮಕ್ಕಳು ಓದಬಲ್ಲರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆ ವಿಧಿಯು ಏಕೆ ಬೇಕಾಯಿತೆಂಬುದು ಪೌರನೀತಿಯ ಪಾಠಕ್ಕಿಂತ ನೀಲನ ಮರಣದಿಂದ ಹೆಚ್ಚು ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ಕೊನೆಯದಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ. ಕಥೆ ಪುಸ್ತಕ ಓದುವುದು ಹೊತ್ತು ಕಳೆಯುವ ಕೆಲಸವೆಂದು ಮಕ್ಕಳನ್ನು ಗದರಿಸಬೇಡಿರಿ. ದಿನಕ್ಕೆ ಎರಡು ಪುಟ, ಮನೆಯವರಿಗೆಲ್ಲ ಕೇಳುವಂತೆ, ಮಗುವಿನಿಂದ ಗಟ್ಟಿಯಾಗಿ ಓದಿಸಿರಿ. ನಮಗೆ ಅಕ್ಷರ ಬಾರದೆಂದು ಸಂಕೋಚಪಡುವ ಹಿರಿಯರೂ ದೂರ ಕೂರಬೇಕಾಗಿಲ್ಲ. ನೊಗ, ಮೇಳಿ, ಕುಳ ಇವು ನಿಘಂಟಿನಲ್ಲಿ ನೋಡಿದ ಮಗುವಿಗೆ ಬರಿಯ ಪದಗಳು. ನೇಗಿಲು ಹಿಡಿದ ಅಜ್ಜನಿಗೆ ಅವು ಕೈಯ ನೆನಪುಗಳು. ಆ ಸಂಜೆ ಅಜ್ಜನೇ ಉಪಾಧ್ಯಾಯನಾಗಲಿ. ಸ್ವಂತ ನೆಲದಲ್ಲಿ ಮೊದಲ ಸಾಲು ಹೂಡುವುದೆಂದರೇನೆಂಬುದನ್ನು ಅವನು ಹೇಳಲಿ. ಚೋಮನು ಕಳೆದುಕೊಂಡದ್ದು ಏನೆಂಬುದು ಆಗ ಮಗುವಿಗೆ ತಿಳಿದೀತು.