ಜೋಳದ ಕಾಳಿನಷ್ಟು ಗ್ರೀಸು

ಮಕ್ಕಳೇ, ಯಳವತ್ತಿಯ ಕಡೆ ಎರೆಹೊಲದ ದಾರಿಯಲ್ಲಿ ಚಕ್ಕಡಿ ಹೋಗುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ಚಕ್ಕಡಿ ಸದ್ದಿಲ್ಲದೆ ಹೋಗುತ್ತದೆ. ಇನ್ನೊಂದು ‘ಕಿರ್ರ್... ಕಿರ್ರ್...’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ಆಗ ಕಟ್ಟೆಯ ಮೇಲೆ ಕೂತ ಹಿರಿಯರು, “ಕೀಲೆಣ್ಣಿ ಹಾಕಿಲ್ಲ ನೋಡು ಅದಕ್ಕ” ಎನ್ನುತ್ತಾರೆ. ಹಿಂದೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಈ ಕೀಲೆಣ್ಣೆ ಮಾಡುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ತುಂಬಿ ಚಕ್ಕಡಿಗೇ ಕಟ್ಟಿಕೊಳ್ಳುತ್ತಿದ್ದರು. ಈಗ ಡಬ್ಬಿಯ ಗ್ರೀಸ್ ಬಂದಿದೆ, ಕೆಲಸ ಮಾತ್ರ ಅದೇ.

ಮೊನ್ನೆ ಲಕ್ಷ್ಮೇಶ್ವರದ ಒಂದು ಗ್ಯಾರೇಜಿನಲ್ಲಿ ನಮ್ಮ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸುತ್ತ ಕೂತಿದ್ದೆ. ನಮ್ಮ ಓಣಿಯ ಐದನೇ ತರಗತಿಯ ಹುಡುಗನೊಬ್ಬ ಜೊತೆಗೆ ಬಂದಿದ್ದ. ಮೇಸ್ತ್ರಿ ಗ್ರೀಸಿನ ಟ್ಯೂಬು ಕೈಗೆತ್ತಿಕೊಂಡದ್ದೇ ತಡ, ಹುಡುಗ ಗಾಬರಿಯಾಗಿ, “ಕಾಕಾರ, ಬ್ರೇಕಿಗೆ ಯಾಕ್ರೀ ಗ್ರೀಸು? ಗಾಡಿ ನಿಲ್ಲಂಗಿಲ್ಲಲ್ಲ!” ಎಂದ. ಮೇಸ್ತ್ರಿ, “ಎಲ್ಲಿ ಹಚ್ತೀನಿ ಅನ್ನೂದು ನೋಡು ತಮ್ಮಾ” ಎಂದು ಅವನನ್ನು ಹತ್ತಿರ ಕೂರಿಸಿಕೊಂಡರು. ಎಷ್ಟು ಚಂದದ ಪ್ರಶ್ನೆ ಅದು! ನಾನೂ ಕುರ್ಚಿ ಬಿಟ್ಟು ಅವರ ಪಕ್ಕ ಹೋಗಿ ಕೂತೆ. ಬನ್ನಿ, ನೀವೂ ಕೂಡಿ.

ಮೊದಲು ನಿಮ್ಮ ಎರಡು ಅಂಗೈಗಳನ್ನು ಜೋರಾಗಿ ಉಜ್ಜಿ ನೋಡಿ. ಬಿಸಿಯಾಯಿತಲ್ಲವೇ? ಒಂದು ಕೈ ಇನ್ನೊಂದನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಈ ಹಿಡಿತಕ್ಕೆ ಘರ್ಷಣೆ ಎಂದು ಹೆಸರು. ಈಗ ಅಂಗೈಗೆ ಒಂದು ಹನಿ ಶೇಂಗಾ ಎಣ್ಣೆ ಹಾಕಿಕೊಂಡು ಉಜ್ಜಿ. ಕೈ ನುಣ್ಣಗೆ ಜಾರುತ್ತದೆ, ಮೊದಲಿನಷ್ಟು ಬಿಸಿಯೂ ಆಗುವುದಿಲ್ಲ. ಎರಡು ಅಂಗೈಗಳ ನಡುವೆ ಎಣ್ಣೆ ತೆಳ್ಳಗಿನ ಚಾಪೆಯ ಹಾಗೆ ಹಾಸಿಕೊಂಡಿದೆ. ಅದೇ ಎಣ್ಣೆಗೈಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ. ಆಗುವುದಿಲ್ಲ! ಅಲ್ಲಿ ನಮಗೆ ಬೇಕಾದದ್ದು ಹಿಡಿತ, ಎಣ್ಣೆ ಅದನ್ನೇ ಕಸಿದುಕೊಂಡಿತು.

ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಅಷ್ಟು ಭಾರದ ತೇರು ಸಾಗಬೇಕಾದರೆ ಗಾಲಿ ತಿರುಗುವ ಅಚ್ಚಿಗೆ ಎಣ್ಣೆ ಬೇಕು. ತೇರು ನಿಲ್ಲಬೇಕಾದಾಗ ಗಾಲಿಯ ಬುಡಕ್ಕೆ ಮರದ ಸನ್ನೆ ಕೊಡುತ್ತಾರೆ. ಆ ಸನ್ನೆಗೆ ಯಾರಾದರೂ ಎಣ್ಣೆ ಸವರುತ್ತಾರೆಯೇ? ಅದು ಒಣಗಿದ್ದರೇ ಗಾಲಿಯನ್ನು ತಡೆದೀತು. ಗಾಲಿ ಒಂದೇ, ಅದರ ನಡುವೆ ಎಣ್ಣೆ ಇರಬೇಕು, ಅಂಚಿನಲ್ಲಿ ಇರಬಾರದು. ಕಾರಿನ ಬ್ರೇಕಿನ ಗುಟ್ಟನ್ನು ಇಷ್ಟರಲ್ಲೇ ಅರ್ಧ ಬಿಡಿಸಿದಿರಿ.

ಇನ್ನು ಕಾರಿನ ಗಾಲಿ ಬಿಚ್ಚಿ ನೋಡೋಣ. ಒಳಗೆ ಊಟದ ತಟ್ಟೆಯಂಥ ಕಬ್ಬಿಣದ ದುಂಡು ಹಲಗೆ ಇರುತ್ತದೆ. ಅದಕ್ಕೆ ಡಿಸ್ಕ್ ಎನ್ನುತ್ತಾರೆ, ಗಾಲಿಯ ಜೊತೆಗೇ ಅದೂ ತಿರುಗುತ್ತದೆ. ತಟ್ಟೆಯೊಂದನ್ನು ನೆಟ್ಟಗೆ ನಿಲ್ಲಿಸಿ ಗಿರ್ರನೆ ತಿರುಗಿಸಿದಿರಿ ಅನ್ನಿ. ನಿಲ್ಲಿಸಬೇಕೆಂದರೆ ಎರಡೂ ಬದಿಯಿಂದ ಅಂಗೈ ಒತ್ತುತ್ತೀರಿ. ಬ್ರೇಕ್ ಪ್ಯಾಡ್‌ಗಳೇ ಆ ಎರಡು ಅಂಗೈಗಳು. ಅವುಗಳನ್ನು ಹಿಡಿದುಕೊಂಡು ಒತ್ತುವ ಕಬ್ಬಿಣದ ಮುಷ್ಟಿಗೆ ಕ್ಯಾಲಿಪರ್ ಎಂದು ಹೆಸರು.

ಮೇಸ್ತ್ರಿ ಹೊಸ ಪ್ಯಾಡನ್ನು ಅಂಚು ಹಿಡಿದು ಹುಡುಗನ ಮುಂದೆ ಹಿಡಿದರು. ಅದಕ್ಕೆ ಒಂದು ಮುಖ, ಒಂದು ಬೆನ್ನು. ಮುಖದ ಕಡೆ ನಿಮ್ಮ ಕಿರುಬೆರಳಿನಷ್ಟು ದಪ್ಪದ, ಇಟ್ಟಿಗೆಯಂತೆ ಒರಟಾದ ಕಪ್ಪು ಪದರ. ಡಿಸ್ಕನ್ನು ಹಿಡಿಯುವುದು ಇದೇ. ಬೆನ್ನಿಗೆ ಉಕ್ಕಿನ ತಗಡು. ಆ ತಗಡಿನ ಎರಡು ತುದಿಗೂ ಪುಟ್ಟ ಕಿವಿಗಳು. ಕಿವಿಗಳು ಕ್ಯಾಲಿಪರಿನ ಚೌಕಟ್ಟಿನ ಜಾಡಿನಲ್ಲಿ ಕೂತು, ಮೇಜಿನ ಡ್ರಾಯರಿನಂತೆ ಚೂರು ಹಿಂದೆ, ಚೂರು ಮುಂದೆ ಸರಿಯುತ್ತವೆ.

ಒಮ್ಮೊಮ್ಮೆ ಬ್ರೇಕ್ ಒತ್ತಿದಾಗ ‘ಕೀಂ’ ಎಂದು ಕಿವಿ ಕೊರೆಯುವ ಸದ್ದು ಬರುತ್ತದೆ. ಶಾಲೆಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿ ಕಿರುಚುತ್ತದಲ್ಲ, ಅದರ ಅಣ್ಣ ಇದು. ಕಡ್ಡಿ ಹಲಗೆಗೆ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ, ಮತ್ತೆ ಜಾರುತ್ತದೆ. ಇದು ಒಂದು ಸೆಕೆಂಡಿನಲ್ಲಿ ನೂರಾರು, ಸಾವಿರಾರು ಸಲ ನಡೆದಾಗ ಕಡ್ಡಿ ನಡುಗುತ್ತದೆ, ಆ ನಡುಕವೇ ನಮಗೆ ಸದ್ದಾಗಿ ಕೇಳುತ್ತದೆ. ಕಡ್ಡಿಯನ್ನು ತುದಿಯ ಹತ್ತಿರ ಬಿಗಿಯಾಗಿ ಹಿಡಿದು ಬರೆಯಿರಿ, ಕಿರುಚುವುದು ಕಡಿಮೆಯಾಗುತ್ತದೆ. ಹಾಗೆಯೇ ಪ್ಯಾಡಿನ ಬೆನ್ನಿಗೂ ಅದನ್ನು ಒತ್ತುವ ಪಿಸ್ಟನ್ನಿಗೂ ನಡುವೆ ತೆಳ್ಳಗೆ ಗ್ರೀಸ್ ಇದ್ದರೆ ಅದು ನಡುಕವನ್ನು ಹೀರಿಕೊಳ್ಳುತ್ತದೆ. ಕೆಲವು ಪ್ಯಾಡ್‌ಗಳ ಬೆನ್ನಿಗೆ ಕಂಪನಿಯವರೇ ನಡುಕ ತಡೆಯುವ ಪದರ ಅಂಟಿಸಿ ಕೊಟ್ಟಿರುತ್ತಾರೆ. ಅಂಥ ಬೆನ್ನಿಗೆ ಗ್ರೀಸ್ ಬೇಕೋ ಬೇಡವೋ ಎಂಬುದನ್ನು ಪ್ಯಾಡಿನ ಜೊತೆ ಬಂದ ಚೀಟಿಯೇ ಹೇಳುತ್ತದೆ, ಅದರ ಮಾತು ಕೇಳುವುದು ಒಳ್ಳೆಯದು.

ಮೇಸ್ತ್ರಿ ಹಚ್ಚಿದ್ದು ಎಷ್ಟು ಗೊತ್ತೇ? ಒಂದೊಂದು ಕಿವಿಗೆ ಜೋಳದ ಕಾಳಿನಷ್ಟು. ಮೊದಲು ಕಿವಿ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದರು, ಆಮೇಲೆ ಬೆರಳಿನಿಂದ ಸವರಿದರು. ಕ್ಯಾಲಿಪರ್ ಆಚೀಚೆ ಸರಿಯಲು ಎರಡು ಕಬ್ಬಿಣದ ಕಡ್ಡಿಗಳಿರುತ್ತವೆ, ಪಿನ್ ಎನ್ನುತ್ತಾರೆ. ಅವುಗಳಿಗೂ ಒಂದು ತೆಳು ಪದರ. ಈ ಪಿನ್ನು ಒಣಗಿ ತುಕ್ಕು ಹಿಡಿದರೆ ಮುಷ್ಟಿ ಸರಾಗವಾಗಿ ಸರಿಯುವುದಿಲ್ಲ. ಆಗ ಒಂದು ಪ್ಯಾಡ್ ಬೇಗ ಸವೆಯುತ್ತದೆ, ಇನ್ನೊಂದು ಹೊಸದರಂತೆಯೇ ಉಳಿಯುತ್ತದೆ.

“ಹಂಗಾದ್ರ ಚಕ್ಕಡಿಗೆ ಹಾಕೂ ಗ್ರೀಸೇ ಹಾಕ್ರಿ” ಎಂದ ನಮ್ಮ ಹುಡುಗ. ಇಲ್ಲಿದೆ ನನಗೆ ಬಹಳ ಇಷ್ಟವಾದ ಭಾಗ. ಓಡುವ ಕಾರು ನಿಂತಾಗ ಅದರ ಓಟವೆಲ್ಲ ಎಲ್ಲಿ ಹೋಯಿತು? ನಿಮ್ಮ ಅಂಗೈ ಬಿಸಿಯಾಯಿತಲ್ಲ, ಹಾಗೆಯೇ ಅದು ಡಿಸ್ಕಿನಲ್ಲಿ ಬಿಸಿಯಾಗಿ ಸೇರಿಕೊಂಡಿತು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಗದಗಿನ ಅಂಗಡಿಯಲ್ಲಿ ಮಿರ್ಚಿ ಕರಿಯುವ ಎಣ್ಣೆ ಸುಮಾರು 180 ಡಿಗ್ರಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಂಥ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುತ್ತ ಇಳಿದರೆ ಡಿಸ್ಕು 300 ಡಿಗ್ರಿಯನ್ನೂ ದಾಟಬಹುದು. ಅಷ್ಟು ಬಿಸಿಗೆ ಸಾದಾ ಗ್ರೀಸ್ ಬೆಣ್ಣೆಯಂತೆ ಕರಗಿ ಇಳಿಯುತ್ತದೆ. ಇಳಿದು ಪ್ಯಾಡಿನ ಮುಖಕ್ಕೆ ತಾಗಿದರೆ ಕೆಲಸ ಕೆಟ್ಟಿತು.

ಇನ್ನೊಂದು ತೊಂದರೆಯೂ ಇದೆ. ಪಿನ್ನಿನ ಮೇಲೆ ಧೂಳು, ನೀರು ಹೋಗದಂತೆ ರಬ್ಬರಿನ ಟೊಪ್ಪಿಗೆ ಇರುತ್ತದೆ. ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಗ್ರೀಸ್ ತಾಗಿದರೆ ಆ ರಬ್ಬರು, ರಾತ್ರಿ ನೆನೆಹಾಕಿದ ಕಡಲೆಯಂತೆ ಉಬ್ಬಿಬಿಡುತ್ತದೆ. ಉಬ್ಬಿದ ಟೊಪ್ಪಿಗೆ ಪಿನ್ನನ್ನು ಬಿಗಿದು ಹಿಡಿಯುತ್ತದೆ. ಅದಕ್ಕೇ ಬ್ರೇಕಿಗೆಂದೇ ಬೇರೆ ಗ್ರೀಸ್ ಮಾಡಿದ್ದಾರೆ. ಸಿಲಿಕೋನಿನಂಥ, ಬಿಸಿಗೆ ಕರಗದ, ರಬ್ಬರಿಗೆ ತೊಂದರೆ ಕೊಡದ ವಸ್ತುಗಳಿಂದ ಅದು ತಯಾರಾಗುತ್ತದೆ.

ಪ್ಯಾಡಿನ ಮುಖಕ್ಕೆ ಗ್ರೀಸ್ ತಾಗಿಯೇ ಬಿಟ್ಟರೆ? ಇಟ್ಟಿಗೆಯ ಮೇಲೆ ಎಣ್ಣೆ ಚೆಲ್ಲಿದರೆ ಏನಾಗುತ್ತದೆ, ನೆನಪು ಮಾಡಿಕೊಳ್ಳಿ. ಒರೆಸಿದರೂ ಒಳಗೆ ಇಳಿದಿರುತ್ತದೆ. ಪ್ಯಾಡೂ ಹಾಗೆಯೇ ಹೀರಿಕೊಳ್ಳುತ್ತದೆ. ಡಿಸ್ಕನ್ನು ತೊಳೆಯಬಹುದು, ನೆನೆದ ಪ್ಯಾಡನ್ನು ಮಾತ್ರ ಎಷ್ಟೇ ಹೊಸದಿದ್ದರೂ ತೆಗೆದು ಬೇರೆ ಹಾಕಬೇಕು. ಇದರಲ್ಲಿ ದುಡ್ಡು ಉಳಿಸಲು ನೋಡುವುದು ತಪ್ಪು. ನಮ್ಮ ಮೇಸ್ತ್ರಿಯೂ ಗ್ರೀಸ್ ಹಚ್ಚಿದ ಮೇಲೆ ಕೈ ಒರೆಸಿಕೊಂಡೇ ಪ್ಯಾಡ್ ಕೂರಿಸಿದರು, ಅದರ ಮುಖವನ್ನು ಒಮ್ಮೆಯೂ ಮುಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಬ್ರೇಕೊಂದು ಇದ್ದೀತು. ಸೈಕಲ್ಲಿನ ಹಿಂಗಾಲಿ ನೋಡಿ, ಎರಡು ರಬ್ಬರ್ ತುಂಡುಗಳು ರಿಮ್ಮನ್ನು ಒತ್ತಿ ಹಿಡಿಯುತ್ತವೆ. ರವಿವಾರ ಚೈನಿಗೆ ಎಣ್ಣೆ ಬಿಡುವ ಮೊದಲು ರಿಮ್ಮಿನ ಮೇಲೆ ಒಂದು ಹಳೇ ಅರಿವೆ ಹೊದಿಸಿ. ಹನಿ ಬಿದ್ದೇ ಬಿಟ್ಟರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಂಗಳದಲ್ಲಿ ತಳ್ಳಿಕೊಂಡು ಹೋಗಿ ಬ್ರೇಕ್ ಹಿಡಿದು ನೋಡಿ. ಗಾಲಿ ಗಕ್ಕನೆ ನಿಂತರೆ ಮಾತ್ರ ಹತ್ತಿ ಹೊರಡಿ.